ದಣಿವಿನ ಲೆಕ್ಕ

ಅಂತರ್ಜಾಲದ ಬೇಸ್‌ಬಾಲ್ ಮ್ಯಾನೇಜರ್ ಆಟಗಳಲ್ಲಿ ನಾವು ಬ್ಯಾಟು ಹಿಡಿಯುವುದಿಲ್ಲ. ತಂಡ ಕಟ್ಟುತ್ತೇವೆ. ಯಾರು ಯಾವ ಜಾಗದಲ್ಲಿ ನಿಲ್ಲಬೇಕು, ಯಾವ ಕ್ರಮದಲ್ಲಿ ಬ್ಯಾಟ್ ಮಾಡಬೇಕು, ಚೆಂಡೆಸೆಯುವ ಪಿಚರ್‌ನನ್ನು ಯಾವಾಗ ಬದಲಿಸಬೇಕು ಎಂದು ಮೊದಲೇ ಬರೆದಿಡುತ್ತೇವೆ. ಉಳಿದದ್ದನ್ನು ಸರ್ವರ್ ನೋಡಿಕೊಳ್ಳುತ್ತದೆ. ಪಂದ್ಯಗಳು ನಡೆಯುವುದು ಹೆಚ್ಚಾಗಿ ಅಮೆರಿಕದ ಗಡಿಯಾರದ ಪ್ರಕಾರ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಆಡುವವರು ಬೆಳಗಿನ ಕಾಫಿಯ ಹೊತ್ತಿಗೆ ಗೆದ್ದೆವೋ ಸೋತೆವೋ ಎಂದು ತೆರೆದು ನೋಡುತ್ತಾರೆ. ಪಂದ್ಯ ನಡೆಯುವಾಗ ಮ್ಯಾನೇಜರ್ ಅಲ್ಲಿರುವುದಿಲ್ಲವಾದ್ದರಿಂದ, ಆಟಗಾರ ದಣಿದಿದ್ದಾನೆಯೇ ಎಂದು ಮ್ಯಾನೇಜರ್ ಬದಲಿಗೆ ಗಮನಿಸಲು ಒಂದು ಅಂಕಿ ಬೇಕು.

ಆ ಅಂಕಿ ಪ್ರತಿ ಆಟಗಾರನ ಹೆಸರಿನ ಪಕ್ಕದಲ್ಲೇ ಇರುತ್ತದೆ. ಚೆನ್ನಾಗಿ ಸುಧಾರಿಸಿಕೊಂಡವನಿಗೆ ನೂರು. ಆಡಿದರೆ ಇಳಿಯುತ್ತದೆ, ಕೂತರೆ ಏರುತ್ತದೆ. ಗಟ್ಟಿಮುಟ್ಟಾದವನದು ನಿಧಾನವಾಗಿ ಇಳಿಯುತ್ತದೆ. ಕ್ಯಾಚರ್‌ನದು ಎಲ್ಲರಿಗಿಂತ ಬೇಗ, ಏಕೆಂದರೆ ಪಂದ್ಯದುದ್ದಕ್ಕೂ ಕುಕ್ಕರುಗಾಲಲ್ಲಿ ಕೂತು ಏಳುವವನು ಅವನೇ. 162 ಪಂದ್ಯಗಳ ಸೀಸನ್ ಮುಗಿಯುವುದು ಆರು ತಿಂಗಳಲ್ಲಿ. ಅಂದರೆ ವಾರಕ್ಕೆ ಆರು ಪಂದ್ಯ, ಕೆಲವೊಮ್ಮೆ ಏಳು. ಹೀಗಾಗಿ ಪಕ್ಕದ ಚೌಕದಲ್ಲಿ ‘90ಕ್ಕಿಂತ ಕೆಳಗಿಳಿದರೆ ವಿಶ್ರಾಂತಿ’ ಎಂದು ತುಂಬಿಟ್ಟು ಮಲಗುವುದು ರೂಢಿ. ಗೆರೆ ದಾಟಿದೊಡನೆ ಯಂತ್ರ ಅವನನ್ನು ಬೆಂಚಿಗೆ ಕಳಿಸಿ ಬದಲಿ ಆಟಗಾರನನ್ನು ಇಳಿಸುತ್ತದೆ.

ಈ ಲೆಕ್ಕದ ದೋಷಗಳು ಆಡುವವರ ಕಣ್ಣಿಗೆ ಬೇಗ ಬೀಳುತ್ತವೆ. ಒಂದೇ ದಿನ ಎರಡು ಪಂದ್ಯ ಬಂದರೆ ನಾಲ್ಕೈದು ಮಂದಿಯ ಅಂಕಿ ಒಟ್ಟಿಗೇ ಗೆರೆಯ ಕೆಳಗಿಳಿಯುತ್ತದೆ. ಮರುದಿನ ಎದುರಿಗೆ ಎಂಥ ತಂಡವಿದ್ದರೂ ಅಷ್ಟೂ ಜನ ಒಟ್ಟಿಗೇ ಬೆಂಚು ಹತ್ತುತ್ತಾರೆ. ಕೊನೆಯ ಒಂದು ಇನಿಂಗ್ಸ್‌ಗೆ ಫೀಲ್ಡಿಂಗ್‌ಗೆ ಇಳಿದವನಿಗೂ ಇಡೀ ಪಂದ್ಯ ಆಡಿದವನಷ್ಟೇ ಅಂಕಿ ಕಳೆಯುವುದುಂಟು. ಪಿಚರ್ ಬುಲ್‌ಪೆನ್‌ನಲ್ಲಿ ಎದ್ದು, ಇಪ್ಪತ್ತು ಮೂವತ್ತು ಎಸೆತ ಎಸೆದು ಕೈ ಬಿಸಿಮಾಡಿಕೊಂಡು, ಕರೆ ಬಾರದೆ ಮತ್ತೆ ಕೂತರೆ ಆ ಎಸೆತಗಳು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ನಿಜವಾದ ಬೇಸ್‌ಬಾಲ್‌ನ ಅಧಿಕೃತ ಸ್ಕೋರ್ ಪಟ್ಟಿಯಲ್ಲೂ ಅವಕ್ಕೆ ಜಾಗವಿಲ್ಲ ಅನ್ನಿ. ಭುಜ ಮಾತ್ರ ಅವನ್ನು ಮರೆಯುವುದಿಲ್ಲ.

ಇವನ್ನೆಲ್ಲ ಸೂತ್ರ ತಿದ್ದಿ ಸರಿಪಡಿಸಬಹುದು, ಸರಿಪಡಿಸಲೇಬೇಕು. ಆದರೆ ಎಷ್ಟು ತಿದ್ದಿದರೂ ಉಳಿಯುವ ಪ್ರಶ್ನೆಯೊಂದಿದೆ. ಅದು ಆಟಕ್ಕಿಂತ ದೊಡ್ಡದು ಎಂದು ನನಗನಿಸುತ್ತದೆ. ಮಾಡಿದ ಕೆಲಸವನ್ನೆಲ್ಲ ಕೂಡಿ, ಕೂತ ದಿನಗಳನ್ನು ಕಳೆದರೆ ಸಿಗುವುದು ದಣಿವೇ?

ಇತಿಹಾಸದ ನಿಜವಾದ ಆಟಗಾರರನ್ನು, ಅವರ ಯಾವುದೋ ಒಂದು ವರ್ಷದ ಅಂಕಿಅಂಶಗಳೊಂದಿಗೆ, ಇಟ್ಟುಕೊಂಡು ಆಡುವ ಆಟಗಳಿವೆ. ಅವುಗಳಲ್ಲಿ ಒಂದು ಪದ್ಧತಿ ಬಹಳ ಹಿಂದಿನದು: ಆಟಗಾರ ಆ ವರ್ಷ ನಿಜವಾಗಿ ಎಷ್ಟು ಸಲ ಬ್ಯಾಟ್ ಹಿಡಿದನೋ ಅಷ್ಟೇ ಅವನ ಶಕ್ತಿ ಎಂದು ಎಣಿಸುವುದು. ಅದನ್ನು ಮೀರಿ ಆಡಿಸಿದರೆ ಅವನು ಸುಸ್ತು. ನೂರೇ ಸಲ ಬ್ಯಾಟ್ ಮಾಡಿ ಅದ್ಭುತ ಸರಾಸರಿ ಗಳಿಸಿದವನನ್ನು ಇಡೀ ಸೀಸನ್ ಆಡಿಸುವ ಜಾಣತನಕ್ಕೆ ಇದು ಕಡಿವಾಣ. ಉದ್ದೇಶ ನ್ಯಾಯವಾದದ್ದೇ.

ಈಗ ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್‌ನ 1953ರ ಸಾಲನ್ನು ನೋಡಿ. 37 ಪಂದ್ಯ, 13 ಹೋಮ್ ರನ್, .407 ಸರಾಸರಿ. ಈ ಪದ್ಧತಿಯ ಕಣ್ಣಿಗೆ ಅವನು ತಿಂಗಳೊಂದರಲ್ಲಿ ಸೋತು ಸುಣ್ಣವಾಗುವ ದುರ್ಬಲ. ಉಳಿದ ತಿಂಗಳುಗಳಲ್ಲಿ ಅವನು ಎಲ್ಲಿದ್ದ? ಕೊರಿಯಾದ ಯುದ್ಧದಲ್ಲಿ, ಅಮೆರಿಕದ ಮರೀನ್ ಪಡೆಯ ಪೈಲಟ್ ಆಗಿ ಜೆಟ್ ಯುದ್ಧವಿಮಾನ ಹಾರಿಸುತ್ತಿದ್ದ. ಆ ವರ್ಷದ ಫೆಬ್ರವರಿಯಲ್ಲಿ ಅವನ ವಿಮಾನಕ್ಕೆ ಗುಂಡು ತಾಗಿ, ಬೆಂಕಿ ಹತ್ತಿದ ಆ ವಿಮಾನವನ್ನು ಚಕ್ರಗಳಿಲ್ಲದೆ ಹೊಟ್ಟೆಯ ಮೇಲೆ ಇಳಿಸಿ ಓಡಿ ಪಾರಾದ. ಆಗಸ್ಟ್‌ನಲ್ಲಿ ಮರಳಿ ಬಂದು ಬ್ಯಾಟು ಎತ್ತಿದ. ಅವನು ಆಡದ ಪಂದ್ಯಗಳು ವಿಶ್ರಾಂತಿಯಾಗಿರಲಿಲ್ಲ. ಆಡಲಾರದಷ್ಟು ದಣಿದಿದ್ದ ಎಂಬುದಕ್ಕೆ ಸಾಕ್ಷಿಯೂ ಆಗಿರಲಿಲ್ಲ. ಖಾಲಿ ಮನೆಯನ್ನು ನೋಡಿದ ಯಂತ್ರ ತನಗೆ ಗೊತ್ತಿದ್ದ ಒಂದೇ ಕಾರಣವನ್ನು ಅಲ್ಲಿ ತುಂಬುತ್ತದೆ. ಹಾಜರಿ ಪುಸ್ತಕ ಹಿಡಿದು ಕೂತ ನಾವೂ ಎಷ್ಟೋ ಸಲ ಹಾಗೇ ಮಾಡುತ್ತೇವೆ. ಬಾರದವನನ್ನು ಕೈಲಾಗದವನೆಂದೇ ತಿಳಿಯುತ್ತೇವೆ.

ಇದರ ಇನ್ನೊಂದು ಮಗ್ಗುಲು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಲಾಸ್ ಏಂಜಲಿಸ್ ಡಾಡ್ಜರ್ಸ್‌ನ ಎಡಗೈ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್ 1965ರಲ್ಲಿ 335 ಇನಿಂಗ್ಸ್‌ಗೂ ಹೆಚ್ಚು ಎಸೆದು 382 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಅದರ ಮೇಲೆ ಸೀಸನ್ ಕೊನೆಯ ಚಾಂಪಿಯನ್‌ಶಿಪ್ ಸರಣಿಯಾದ ವರ್ಲ್ಡ್ ಸೀರೀಸ್. ಅಕ್ಟೋಬರ್ 11ರಂದು ಐದನೇ ಪಂದ್ಯವನ್ನು ಪೂರ್ತಿ ಎಸೆದು ಗೆದ್ದವನು ಎರಡೇ ದಿನ ಸುಧಾರಿಸಿಕೊಂಡು 14ರಂದು ಮಿನೆಸೋಟಾದಲ್ಲಿ ಏಳನೇ ಪಂದ್ಯಕ್ಕೆ ಇಳಿದ. ಎಲ್ಲ ಮ್ಯಾನೇಜರ್ ಆಟಗಳೂ ಕೆಂಪು ಬಣ್ಣ ತೋರಿಸುವ ಸಂದರ್ಭ ಅದು. ಅವನ ಕರ್ವ್ ಎಸೆತ ಆ ದಿನ ಹಿಡಿತಕ್ಕೆ ಸಿಗಲಿಲ್ಲ. ಹೆಚ್ಚುಕಡಿಮೆ ಬರೀ ವೇಗದ ಎಸೆತಗಳಲ್ಲೇ ಮೂರು ಹಿಟ್ ಮಾತ್ರ ಕೊಟ್ಟು 2-0ಯಿಂದ ಪಂದ್ಯವನ್ನೂ ಸರಣಿಯನ್ನೂ ಗೆದ್ದುಕೊಟ್ಟ. ಮರುವರ್ಷ 323 ಇನಿಂಗ್ಸ್, 27 ಗೆಲುವು, 1.73 ಇ.ಆರ್.ಎ. (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ). ಅದರ ಬೆನ್ನಿಗೇ, 1966ರ ನವೆಂಬರಿನಲ್ಲಿ, ಮೊಣಕೈ ಸಂಧಿವಾತದಿಂದಾಗಿ ನಿವೃತ್ತಿ ಘೋಷಿಸಿದ. ವಯಸ್ಸು 30.

ಆಟದಲ್ಲಿ ದಣಿವಿನ ದಂಡ ಅಂದಂದೇ ವಸೂಲಾಗುತ್ತದೆ. ಅಂಕಿ 70 ಇದ್ದರೆ ಅವತ್ತೇ ಎಸೆತದ ವೇಗ ಕುಂದುತ್ತದೆ, ಅವತ್ತೇ ಸೋಲುತ್ತೇವೆ, ಪಾಠ ಕಲಿಯುತ್ತೇವೆ. ಕೋಫ್ಯಾಕ್ಸ್‌ನ ತೋಳಿನಲ್ಲಿ ಹಾಗಾಗಲಿಲ್ಲ. ಅವನ ಬದುಕಿನ ಅತ್ಯುತ್ತಮ ಅಂಕಿಅಂಶಗಳೂ ಅತ್ಯಂತ ಹಾಳಾದ ಮೊಣಕೈಯೂ ಒಂದೇ ವರ್ಷದವು. ಫಲಿತಾಂಶ ನೋಡಿ ದಣಿವನ್ನು ಅಳೆಯಲು ಹೊರಟವರಿಗೆ ಅಲ್ಲಿ ಸಿಕ್ಕುತ್ತಿದ್ದದ್ದು ಪೂರ್ಣ ಆರೋಗ್ಯವಂತನ ಚಿತ್ರ. ಚೆನ್ನಾಗಿ ದುಡಿಯುವವನು ಚೆನ್ನಾಗಿಯೇ ಇದ್ದಾನೆ ಎಂಬ ಈ ನಂಬಿಕೆ ಬೇಸ್‌ಬಾಲ್ ಮೈದಾನವನ್ನು ದಾಟಿ ಎಲ್ಲ ಕಚೇರಿ, ಎಲ್ಲ ಅಡುಗೆಮನೆಗಳಲ್ಲೂ ಇದೆ. ಮನೆಯಲ್ಲಿ ಎಂದೂ ಮಲಗದ ಅಮ್ಮ ಒಂದು ದಿನ ಮಲಗಿದಾಗ ಮಾತ್ರ ನಮಗೆ ಗಾಬರಿಯಾಗುತ್ತದೆ.

ವಿಶ್ರಾಂತಿಯ ಲೆಕ್ಕವೂ ಅಷ್ಟೇ ಬಡವಾಗಿದೆ. ಯಂತ್ರದ ಮಟ್ಟಿಗೆ ಬೆಂಚಿನಲ್ಲಿ ಕೂತರೆ ವಿಶ್ರಾಂತಿ. ಸಿಯಾಟಲ್‌ನಿಂದ ಬಾಸ್ಟನ್‌ಗೆ ರಾತ್ರಿ ಹಾರಿ, ಮೂರು ತಾಸು ಕಳೆದುಕೊಂಡು, ಹೋಟೆಲಿನಲ್ಲಿ ನಿದ್ದೆ ಬಾರದೆ ಹೊರಳಾಡಿದವನು ಮರುದಿನ ಆಡದೆ ಕೂತರೂ ಸುಧಾರಿಸಿಕೊಂಡನೆಂದು ಹೇಗೆ ಹೇಳುವುದು? ತನ್ನ ಜಾಗಕ್ಕೆ ಬಂದ ಹುಡುಗ ಚೆನ್ನಾಗಿ ಆಡುತ್ತಿರುವುದನ್ನು ನೋಡುತ್ತ ಕೂತವನ ಎದೆಬಡಿತಕ್ಕೆ ಯಾವ ಅಂಕಿ? ಮೇಜರ್ ಲೀಗ್‌ನ ಆಟಗಾರರ ಸಂಘ ಮಾಲೀಕರ ಜತೆ ಮಾತುಕತೆ ನಡೆಸಿ, 162 ಪಂದ್ಯಗಳನ್ನು ಹಾಗೇ ಇಟ್ಟುಕೊಂಡು, 2018ರಿಂದ ಸೀಸನ್‌ಗೆ ಕೆಲವು ಬಿಡುವಿನ ದಿನಗಳನ್ನು ಸೇರಿಸಿತು. ಬಿಡುವು ತಾನಾಗಿ ಏರುವ ಅಂಕಿಯಂತೆ ಸಿಗುವುದಿಲ್ಲ. ಕೇಳಬೇಕು, ಪಟ್ಟುಹಿಡಿಯಬೇಕು, ಒಪ್ಪಂದಕ್ಕೆ ಸಹಿ ಬೀಳಬೇಕು.

ನಮ್ಮ ಕ್ರಿಕೆಟ್ಟಿಗೂ ಇದು ಹೊಸದಲ್ಲ. ಬೌಲರ್‌ಗಳ ಹೊರೆಯನ್ನು ಎಸೆತದ ಲೆಕ್ಕದಲ್ಲಿ ಬರೆದಿಡುವ ಕ್ರಿಕೆಟ್ ಮಂಡಳಿಯ ಕೇಂದ್ರ ಬೆಂಗಳೂರಿನಲ್ಲೇ ಇದೆ. 2025ರ ಇಂಗ್ಲೆಂಡ್ ಪ್ರವಾಸದಲ್ಲಿ ಜಸ್‌ಪ್ರೀತ್ ಬುಮ್ರಾ ಐದರಲ್ಲಿ ಮೂರು ಟೆಸ್ಟ್ ಮಾತ್ರ ಆಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಮೊಹಮ್ಮದ್ ಸಿರಾಜ್ ಐದನ್ನೂ ಆಡಿ ಸಾವಿರಕ್ಕೂ ಹೆಚ್ಚು ಎಸೆತ ಎಸೆದು, ಓವಲ್‌ನ ಕೊನೆಯ ದಿನ ಕೊನೆಯ ವಿಕೆಟ್ಟನ್ನು ಯಾರ್ಕರ್‌ನಲ್ಲಿ ಕಿತ್ತ. ಆಗ ಎಷ್ಟೋ ಜನ ಸಿರಾಜ್‌ನನ್ನು ಹೊಗಳುವ ಭರದಲ್ಲಿ ಬುಮ್ರಾನನ್ನು ಹಳಿದರು. ಅದು ಅನ್ಯಾಯ. ಬೆನ್ನಿನ ಶಸ್ತ್ರಚಿಕಿತ್ಸೆಯಾಗಿ ಎದ್ದು ಬಂದವನ ಮೈಗೂ ಇನ್ನೊಬ್ಬನ ಮೈಗೂ ಒಂದೇ ಅಳತೆಗೋಲು ಹಿಡಿಯಲಾಗದು.

ಮತ್ತೆ ಬೇಸ್‌ಬಾಲ್‌ಗೆ ಬರುತ್ತೇನೆ, ಏಕೆಂದರೆ ಈ ವಿಷಯದ ತಿರುಳು ನ್ಯೂಯಾರ್ಕ್ ಯಾಂಕೀಸ್‌ನ ಲೂ ಗೆರಿಗ್‌ನ ಕತೆಯಲ್ಲಿದೆ. 1925ರಿಂದ ಒಂದೂ ತಪ್ಪದೆ 2,130 ಪಂದ್ಯ ಆಡಿದವನು ಅವನು. 1934ರಲ್ಲಿ ಒಮ್ಮೆ ಸೊಂಟ ಹಿಡಿದುಕೊಂಡು ನಿಲ್ಲಲೂ ಆಗದಿದ್ದಾಗ, ಸರಣಿ ತುಂಡಾಗಬಾರದೆಂದು ಅವನ ಹೆಸರನ್ನು ಬ್ಯಾಟಿಂಗ್ ಪಟ್ಟಿಯ ಮೊದಲಿಗೇ ಬರೆದರು. ಒಂದು ಹಿಟ್ ಹೊಡೆದು ಹೊರನಡೆದ. ಲೆಕ್ಕಕ್ಕೆ ಅದೂ ಒಂದು ಪಂದ್ಯ. 1939ರ ವಸಂತದಲ್ಲಿ ಅವನ ಮೈ ಮಾತು ಕೇಳುವುದನ್ನು ಬಿಟ್ಟಿತು. ಎಂಟು ಪಂದ್ಯಗಳಲ್ಲಿ ನಾಲ್ಕೇ ಹಿಟ್. ಎಲ್ಲರಿಗೂ ಕಾಣುತ್ತಿತ್ತು, ಆದರೂ ಮ್ಯಾನೇಜರ್ ಜೋ ಮೆಕಾರ್ಥಿ ಅವನನ್ನು ಕೂರಿಸಲಿಲ್ಲ. ಮೇ 2ರಂದು ಡೆಟ್ರಾಯಿಟ್‌ನಲ್ಲಿ ಗೆರಿಗ್ ತಾನಾಗಿ ಹೋಗಿ, ಇವತ್ತು ನನ್ನನ್ನು ಬಿಡಿ, ತಂಡಕ್ಕೆ ಅದೇ ಒಳ್ಳೆಯದು ಎಂದು ಕೇಳಿಕೊಂಡ. ನಾಯಕನಾಗಿದ್ದರಿಂದ ತನ್ನ ಹೆಸರಿಲ್ಲದ ಪಟ್ಟಿಯನ್ನು ಅಂಪೈರ್‌ಗಳಿಗೆ ಕೊಡಲು ಅವನೇ ಹೋದ. ಜೂನ್‌ನಲ್ಲಿ ಮೇಯೋ ಕ್ಲಿನಿಕ್‌ನ ವೈದ್ಯರು ಅದು ನರಗಳನ್ನು ಕೊಲ್ಲುವ ಎ.ಎಲ್.ಎಸ್. ಕಾಯಿಲೆ ಎಂದರು. ಎರಡು ವರ್ಷದಲ್ಲಿ ತೀರಿಕೊಂಡ.

ಅದು ದಣಿವೇ ಆಗಿರಲಿಲ್ಲ. ಎಷ್ಟು ದಿನ ಬೆಂಚಿನಲ್ಲಿ ಕೂರಿಸಿದ್ದರೂ ಆ ಅಂಕಿ ಏರುತ್ತಿರಲಿಲ್ಲ. ದಣಿವಿನ ವೇಷದಲ್ಲಿ ಬರುವ ರೋಗ, ದುಃಖ, ಮನಸ್ಸಿನ ಬೇಸರ ಇವೆಲ್ಲವನ್ನೂ ನಾವು ಒಂದೇ ಪಟ್ಟಿಯಲ್ಲಿ ಅಳೆಯುತ್ತೇವೆ. ಬೇರೆ ಮಾಡಿ ನೋಡಬೇಕಾದರೆ ಯಾರಾದರೂ ಹತ್ತಿರ ಹೋಗಿ ಕೇಳಬೇಕು, ಇಲ್ಲವೇ ಅವನೇ ಬಂದು ಹೇಳಬೇಕು. ಗೆರಿಗ್ ಹೇಳಿದ. ಹೇಳಲು ಅವನಿಗೆ 14 ವರ್ಷ ಹಿಡಿಯಿತು.

ಆ ದಾಖಲೆಯನ್ನು 1995ರಲ್ಲಿ ಮುರಿದು 2,632 ಪಂದ್ಯಗಳವರೆಗೆ ಕೊಂಡೊಯ್ದವನು ಬಾಲ್ಟಿಮೋರ್ ಓರಿಯೋಲ್ಸ್‌ನ ಕ್ಯಾಲ್ ರಿಪ್ಕನ್. ಅವನ ಬಗ್ಗೆ ಹೇಳುವಾಗ ಜನ ಆ ಸಂಖ್ಯೆಯನ್ನೇ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಅದಕ್ಕೂ ಮುಂಚಿನ ಇನ್ನೊಂದು ಲೆಕ್ಕ. 1982ರ ಜೂನ್‌ನಿಂದ ಅವನು ಪಂದ್ಯ ಮಾತ್ರವಲ್ಲ, ಒಂದು ಇನಿಂಗ್ಸನ್ನೂ ಬಿಡದೆ 8,243 ಇನಿಂಗ್ಸ್ ಆಡಿದ್ದ. 1987ರ ಸೆಪ್ಟೆಂಬರ್ 14ರಂದು ಟೊರಾಂಟೊದಲ್ಲಿ ತಂಡ 18-3ರಿಂದ ಸೋತ ಪಂದ್ಯದ ಎಂಟನೇ ಇನಿಂಗ್ಸ್‌ನಲ್ಲಿ ಮ್ಯಾನೇಜರ್ ಅವನನ್ನು ಹೊರಗೆ ಕೂರಿಸಿದರು. ಆ ಮ್ಯಾನೇಜರ್ ಅವನ ತಂದೆ, ಹಿರಿಯ ಕ್ಯಾಲ್ ರಿಪ್ಕನ್. ಮಗ ಕೇಳಿರಲಿಲ್ಲ, ಯಾವ ಅಂಕಿಯೂ ಗೆರೆ ದಾಟಿರಲಿಲ್ಲ. ಸಾವಿರಾರು ಇನಿಂಗ್ಸ್‌ಗಳ ಎಣಿಕೆ ಮಗನ ತಲೆಯ ಮೇಲೆ ಕೂತಿರುವುದು ಅಪ್ಪನಿಗೆ ಕಾಣುತ್ತಿತ್ತು. ಸಾಕು ಎಂದು ಅವರೇ ನಿರ್ಧರಿಸಿದರು. ಇಂಥ ಕಣ್ಣೊಂದು ತನ್ನ ಮೇಲಿರುವುದು ದುಡಿಯುವ ಯಾರಿಗೇ ಆದರೂ ದೊಡ್ಡ ಭಾಗ್ಯ ಎಂದು ನಾನು ನಂಬುತ್ತೇನೆ.

ಇಂಥ ಆಟಗಳನ್ನು ಕಟ್ಟುವವರಲ್ಲಿ ನನ್ನದೊಂದು ಕೋರಿಕೆ ಇದೆ. ಆಟಗಾರನ ಪ್ರತಿಭೆಯನ್ನು ನೀವು ಈಗಾಗಲೇ ಮಬ್ಬಾಗಿ ತೋರಿಸುತ್ತೀರಿ. ಅವನ ನಿಜವಾದ ಸಾಮರ್ಥ್ಯವನ್ನು ಬಚ್ಚಿಟ್ಟು, ಪ್ರತಿಭೆ ಹುಡುಕುವ ಸ್ಕೌಟ್ ಕಂಡ ಅಂದಾಜನ್ನಷ್ಟೇ ಪರದೆಗೆ ತರುವ ಆಟಗಳು ಎಷ್ಟೋ ಇವೆ. ದಣಿವನ್ನೂ ಹಾಗೇ ತೋರಿಸಿ. ನಿಖರ ಅಂಕಿಯ ಬದಲು ತಂಡದ ಫಿಸಿಯೋ ಹೇಳಿದ ಒಂದು ಮಾತು ಇರಲಿ, ಆ ಮಾತು ಕೆಲವೊಮ್ಮೆ ತಪ್ಪಲಿ. ನೋವು ಮುಚ್ಚಿಟ್ಟುಕೊಂಡು ಆಡುವವನೂ ಇರಲಿ, ಮ್ಯಾನೇಜರ್ ಬಳಿ ಬಂದು ಇವತ್ತು ಆಗುವುದಿಲ್ಲ ಎನ್ನುವವನೂ ಇರಲಿ. ಎಡೆಬಿಡದೆ ಎಸೆದ ಪಿಚರ್ ಈ ವರ್ಷವೆಲ್ಲ ಗೆಲ್ಲಲಿ, ಅದರ ಬೆಲೆ ಮುಂದಿನ ವರ್ಷ ಮೊಣಕೈಯಲ್ಲಿ ಕಾಣಲಿ. ಯುದ್ಧದಿಂದ ಮರಳಿದವನ ಖಾಲಿ ತಿಂಗಳುಗಳಿಗೆ ಅವುಗಳ ಕಾರಣವನ್ನೂ ಬರೆದಿಡಿ. ಬೆಳಿಗ್ಗೆ ಫಲಿತಾಂಶ ತೆರೆಯುವ ಮುಂಚೆ ಯಾರ್ಯಾರು ಹೇಗಿದ್ದಾರೆ ಎಂದು ಒಬ್ಬೊಬ್ಬರನ್ನೇ ನೋಡಲೇಬೇಕಾದ ಒಂದು ಪುಟ ಬರಲಿ.