ಮುರಿದುಳಿದ ಬೋಲ್ಟು

ಮನುಷ್ಯನ ಪ್ರಾಮಾಣಿಕತೆಗೆ ಕಠಿಣವಾದ ಪರೀಕ್ಷೆ ಒದಗುವುದು ಯಾರೂ ಇಣಿಕಿ ನೋಡದ ಎಡೆಯಲ್ಲಿ. ಇದಕ್ಕೆ ನಿದರ್ಶನವನ್ನು ಶಾಸ್ತ್ರಗ್ರಂಥಗಳಲ್ಲಿಯೇ ಅರಸಬೇಕಾಗಿಲ್ಲ. ಮೋಟಾರು ವಾಹನಗಳನ್ನು ದುರಸ್ತಿ ಮಾಡುವ ಯಾವ ಗ್ಯಾರೇಜಿನಲ್ಲಿಯಾದರೂ ಅದು ದೊರೆಯುತ್ತದೆ.

ಇಂಜಿನ್ನಿನ ಹೊಗೆಯನ್ನು ಹೊರಕ್ಕೊಯ್ಯುವ ಮ್ಯಾನಿಫೋಲ್ಡನ್ನು ಬಿಗಿದಿರುವ ಬೋಲ್ಟುಗಳನ್ನು ಗಮನಿಸಿರಿ. ದಿನವೂ ಕಾದು, ದಿನವೂ ತಣಿದು, ಅವು ತುಕ್ಕು ಹಿಡಿಯುತ್ತವೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ತಿರುಪಿನ ಎಳೆಗಳ ಸಂದು ಬಿಗಿದುಕೊಳ್ಳುತ್ತದೆ. ಸಿಲಿಂಡರ್ ಹೆಡ್ಡು ಅಲ್ಯೂಮಿನಿಯಮ್ಮಿನದಾದರೆ ತೊಡಕು ಇನ್ನೂ ಹೆಚ್ಚು. ಕಾದಾಗ ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಇಂಥ ಬೋಲ್ಟನ್ನು ಬಲಾತ್ಕಾರದಿಂದ ತಿರುವಿದರೆ ತಲೆ ಕೈಗೆ ಬರುತ್ತದೆ, ಒಡಲು ರಂಧ್ರದೊಳಗೇ ಉಳಿಯುತ್ತದೆ.

ಆಗ ಮೇಸ್ತ್ರಿಯ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ದೀರ್ಘವಾದುದು. ಎಣ್ಣೆ ಬಿಟ್ಟು, ಬೇಕಾದರೆ ರಾತ್ರಿಯೆಲ್ಲ ಕಾಯಬೇಕು. ತುಂಡು ಹೊರಚಾಚಿದ್ದರೆ ಅದಕ್ಕೊಂದು ನಟ್ಟನ್ನು ವೆಲ್ಡ್ ಮಾಡಿ, ಆ ಕಾವಿನಿಂದ ತುಕ್ಕಿನ ಹಿಡಿತ ಸಡಿಲಿದ ಬಳಿಕ ಹಿಂದೆ ಮುಂದೆ ಆಡಿಸುತ್ತ ಹೊರತೆಗೆಯಬೇಕು. ಒಳಗೇ ಮುರಿದಿದ್ದರೆ ನಡುಮಧ್ಯದಲ್ಲಿ ಪಂಚಿನಿಂದ ಗುರುತು ಮಾಡಿ, ನೇರವಾಗಿ ಕೊರೆದು, ಎಕ್ಸ್‌ಟ್ರ್ಯಾಕ್ಟರ್ ಹಾಕಿ ತಿರುವಬೇಕು. ಅಲ್ಲಿಯೂ ಆತುರ ಸಲ್ಲದು. ಗಡುಸಾದ ಉಕ್ಕಿನ ಆ ಉಪಕರಣವು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು. ಎರಡನೆಯ ದಾರಿ ಬಹು ಸುಲಭ. ತುಂಡನ್ನು ಇದ್ದಲ್ಲಿಯೇ ಬಿಟ್ಟು, ಮೇಲಿನ ತಗಡನ್ನು ಮುಚ್ಚಿ, "ಉಳಿದ ಬೋಲ್ಟುಗಳು ಹಿಡಿದಿವೆಯಲ್ಲ" ಎಂದು ಸಮಾಧಾನ ಮಾಡಿಕೊಂಡು ವಾಹನವನ್ನು ಕಳುಹಿಸಿಬಿಡುವುದು.

ಯಾರಿಗೂ ಹಾನಿಯಾಗದಿದ್ದರೆ ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಒಂದು ಬೋಲ್ಟು ಹೊರಬೇಕಾದ ಭಾರ ನೆರೆಯವುಗಳ ಮೇಲೆ ಬೀಳುತ್ತದೆ. ಬಿಗಿ ತಪ್ಪಿದೆಡೆಯಲ್ಲಿ ಹೊಗೆ ಸೋರಬಹುದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ವಾಹನದೊಳಕ್ಕೆ ನುಸುಳಿದರೆ ಹಿಂದಿನ ಆಸನದಲ್ಲಿ ನಿದ್ರಿಸುತ್ತಿರುವ ಮಗುವಿನ ಪ್ರಾಣಕ್ಕೇ ಸಂಚಕಾರ. ಒಂದು ವೇಳೆ ಏನೂ ಆಗಲಿಲ್ಲವೆನ್ನೋಣ. ಅದು ಪ್ರಯಾಣಿಕರ ಅದೃಷ್ಟವೇ ಹೊರತು ಮೇಸ್ತ್ರಿಯ ಸದ್ಗುಣವಲ್ಲ. ಮತ್ತೊಬ್ಬರ ಪಾಲಿನ ಅಪಾಯವನ್ನು ಅವರಿಗೆ ತಿಳಿಸದೆ ಅವರ ಪರವಾಗಿ ಒಪ್ಪಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಬೋಲ್ಟು ಮುರಿಯುವುದು ದೋಷವೆಂದು ಹೇಳಲಾಗದು, ನುರಿತ ಕೈಯಲ್ಲಿಯೂ ಅದು ಮುರಿಯುತ್ತದೆ. ಮರೆಮಾಚುವುದೇ ದೋಷ.

ಆದರೆ, ವಾಚಕ ಬಂಧುಗಳೇ, ಮೇಸ್ತ್ರಿಯೊಬ್ಬನನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. "ಸಂಜೆಯೊಳಗೆ ಗಾಡಿ ಬೇಕು", "ಒಂದು ಬೋಲ್ಟಿಗೆ ಇಷ್ಟು ಕೂಲಿಯೇ?" ಎಂದು ಗದರಿಸುವ ಒಡೆಯನೂ ಆ ಸುಳ್ಳಿನಲ್ಲಿ ಪಾಲುದಾರನೇ. ನಿಜ ನುಡಿದವನಿಗೆ ನಷ್ಟವನ್ನೂ ಮುಚ್ಚಿಟ್ಟವನಿಗೆ ಮೆಚ್ಚುಗೆಯನ್ನೂ ಕೊಡುವವರು ಸತ್ಯವನ್ನು ನಿರೀಕ್ಷಿಸುವುದು ಹೇಗೆ? ತುಕ್ಕು ಹಿಡಿದ ಲೋಹದಂತೆ ಅಂಜಿದ ಮನಸ್ಸೂ ಒತ್ತಾಯಕ್ಕೆ ಸಡಿಲುವುದಿಲ್ಲ, ಮುರಿಯುತ್ತದೆ.

ಆದುದರಿಂದ ದುಡಿಯುವವನು "ಒಳಗೆ ಮುರಿದಿದೆ, ಇನ್ನೊಂದು ದಿನ ಬೇಕು" ಎಂದು ನಿಮ್ಮೆದುರು ಬಂದು ನಿಂತಾಗ ಸಿಡುಕದಿರಿ. ಆ ಒಂದು ದಿನವನ್ನು ಕೊಡಿರಿ. ಆ ದಿನದ ಕೂಲಿಯನ್ನೂ ಚೌಕಾಸಿ ಮಾಡದೆ ಕೊಡಿರಿ.