ಲೆಕ್ಕದ ಸಾಕ್ಷ್ಯ

ಹಲಗೂರಿನಿಂದ ಮಳವಳ್ಳಿಯ ಮಾರ್ಗವಾಗಿ ಶಿವನಸಮುದ್ರಕ್ಕೆ ಹೋದವರು ಕಾವೇರಿಯ ಮೇಲಣ ಹಳೆಯ ವೆಲ್ಲೆಸ್ಲಿ ಸೇತುವೆಯನ್ನು ಕಂಡಿರುವರು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ; ಇಷ್ಟೇ ಅದರ ರಚನೆ. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು, ಉಳಿದುದು ನಿಂತಿತು. ಬಿದ್ದುದೆಷ್ಟು, ಬೀಳಿಸಿದುದಾವುದು ಎಂಬುದನ್ನು ದಡದಲ್ಲಿ ನಿಂತ ರೈತನೂ ಹೇಳಬಲ್ಲನು.

ಉಕ್ಕಿನ ಚೌಕಟ್ಟಿನ ಸೌಧಗಳ ವಿಚಾರ ಹಾಗಲ್ಲ. ಅಲ್ಲಿ ತೊಲೆಕಂಬಗಳು ಒಂದಕ್ಕೊಂದು ಬಿಗಿಯಲ್ಪಟ್ಟಿರುವುದರಿಂದ ಒಂದರ ಭಾರವನ್ನು ನೆರೆಯದು ಹೊರಬಲ್ಲದು. ಹೊರಲಾರದಾದರೆ ಅದೂ ಬೀಳುವುದು, ಅದರ ನೆರೆಯದೂ ಬೀಳುವುದು. ಅವಿಭಕ್ತ ಕುಟುಂಬದ ಗುಣದೋಷಗಳೆರಡೂ ಅದಕ್ಕುಂಟು. ಇದನ್ನರಿಯಲು ಎಂಜಿನಿಯರರು ಕಟ್ಟಡವನ್ನು ಗಣಕಯಂತ್ರದಲ್ಲಿ ಅಂಕೆಗಳಿಂದಲೇ ಕಟ್ಟಿ, ಒಂದು ಕಂಬವನ್ನು ತೆಗೆದು, ಉಳಿದುದು ನಿಲ್ಲುವುದೋ ಇಲ್ಲವೋ ಎಂದು ನೋಡುವರು.

ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಏಳನೆಯ ಸೌಧಕ್ಕೆ 47 ಅಂತಸ್ತು. 2001ರ ಸೆಪ್ಟೆಂಬರ್ 11ರಂದು ವಿಮಾನವಾವುದೂ ಅದಕ್ಕೆ ತಾಗಲಿಲ್ಲ. ನೆರೆಯ ಗೋಪುರದ ಅವಶೇಷಗಳಿಂದ ಹೊತ್ತಿದ ಬೆಂಕಿಯಲ್ಲಿ ಉರಿದು ಸಂಜೆ ಕುಸಿಯಿತು. ಅಮೆರಿಕದ ರಾಷ್ಟ್ರೀಯ ಮಾನಕ ಹಾಗೂ ತಂತ್ರವಿದ್ಯಾ ಸಂಸ್ಥೆಯು 2008ರಲ್ಲಿ ಕಾರಣವನ್ನು ತಿಳಿಸಿತು. ಕಾವಿಗೆ ಹಿಗ್ಗಿದ ತೊಲೆಗಳು ಒಂದು ಹೆದ್ದೊಲೆಯನ್ನು ಅದರ ಆಸನದಿಂದ ತಳ್ಳಿದವು, ಮಹಡಿಗಳು ಕುಸಿದವು, ಆಸರೆ ತಪ್ಪಿದ 79ನೆಯ ಕಂಬವು ಬಾಗಿತು, ಮಿಕ್ಕುದೆಲ್ಲ ಅದನ್ನು ಹಿಂಬಾಲಿಸಿತು. ಒಳಗೆ ನಡೆದ ಇದನ್ನು ಕಂಡ ಕಣ್ಣಿಲ್ಲ, ಹೇಳಿದುದು ಲೆಕ್ಕ.

ಆದರೆ ಆ ಲೆಕ್ಕದ ಮೂಲಾಂಕಗಳಲ್ಲಿ ಕೆಲವನ್ನು ಪ್ರಕಟಿಸಲು ಸಂಸ್ಥೆಯು 2009ರಲ್ಲಿ ಒಪ್ಪಲಿಲ್ಲ. ಸಾರ್ವಜನಿಕರ ಕ್ಷೇಮಕ್ಕೆ ಅದರಿಂದ ಅಪಾಯವುಂಟಾಗಬಹುದೆಂಬುದು ಕೊಟ್ಟ ಕಾರಣ. ಇದು ಧರ್ಮವೆ? ಮುಚ್ಚಿಟ್ಟ ಮಾತ್ರಕ್ಕೆ ಲೆಕ್ಕವು ಸುಳ್ಳಾಗದು. ಸಂಶಯದಿಂದ ಕಥೆ ಹೆಣೆದವರ ಮಾತು ನಿಜವೂ ಆಗದು. ಕೇಡಿಗರ ಭಯವೂ ಕೇವಲ ನೆವವಲ್ಲ. ಆದರೂ ಲೆಕ್ಕವೆಂಬುದು ಯಂತ್ರದ ಬಾಯಿಂದ ಬಂದರೂ ಮನುಷ್ಯನ ಊಹೆಗಳಿಂದಲೇ ಆದುದು. ಬೆಂಕಿಯ ತಾಪವೆಷ್ಟು, ಯಾವ ಬೋಲ್ಟು ಎಷ್ಟು ಭಾರಕ್ಕೆ ಮುರಿಯುವುದು ಎಂಬುದನ್ನು ಯಾರೋ ಒಬ್ಬರು ಕುಳಿತು ನಿಶ್ಚಯಿಸಬೇಕು. ನ್ಯಾಯಸ್ಥಾನದ ಸಾಕ್ಷಿಗೆ ಪಾಟೀಸವಾಲುಂಟು. ಲೆಕ್ಕಕ್ಕೆ ಪಾಟೀಸವಾಲೆಂದರೆ ಇನ್ನೊಬ್ಬನು ಅದನ್ನೇ ಮಾಡಿ ನೋಡುವುದು. ಅದನ್ನು ತಡೆದರೆ ಜನರಿಗೆ ಉಳಿಯುವುದು ನಂಬಿಕೆಯೇ ಹೊರತು ತಿಳಿವಳಿಕೆಯಲ್ಲ. ಮೇಲಾಗಿ, ಕೆಡಹುವವನಿಗೆ ಕಲಿಸಬಹುದಾದ ಅಂಕೆಯೇ ಕಟ್ಟುವವನಿಗೂ ಕಲಿಸತಕ್ಕದ್ದು.

ಹಲಗೂರಿನ ತರುಣನೊಬ್ಬನು ಬೆಂಗಳೂರಿನಲ್ಲಿ ಉಕ್ಕಿನ ಸೌಧದ ಹತ್ತನೆಯ ಅಂತಸ್ತಿನಲ್ಲಿ ದುಡಿಯುತ್ತಿರುವನೆಂದು ಭಾವಿಸೋಣ. ಶಿವನಸಮುದ್ರದ ದಡದಲ್ಲಿ ಅವನ ಅಜ್ಜನಿಗೆ ಕಣ್ಣು ಸಾಕಾಗಿತ್ತು. ಇವನ ಕಾಲ ಕೆಳಗಿನ ಕಂಬವಾದರೋ ಗೋಡೆಯೊಳಗೆ ಅಡಗಿದೆ, ಅದರ ಲೆಕ್ಕವು ಯಂತ್ರದೊಳಗೆ. ಇವನು ಅದನ್ನು ಓದಲಾರನು; ಇವನ ಪರವಾಗಿ ಓದಬಲ್ಲ, ಕಟ್ಟಿದವರ ಹಂಗಿಲ್ಲದ ಮತ್ತೊಬ್ಬ ಎಂಜಿನಿಯರನಿಗಾದರೂ ಆ ಕಾಗದಗಳು ಸಿಕ್ಕಬೇಕು.