ಉದ್ರಿ ಕೊಟ್ಟ ಹೊತ್ತು

ನಮ್ಮ ಸೋದರಮಾವ ನಿದ್ದೆಯಿಂದ ಎದ್ದದ್ದು ಸರಿಯಾಗಿ ಸಿನಿಮಾದ ಅರ್ಧಕ್ಕೆ. ಕಣ್ಣು ತಿಕ್ಕಿಕೊಂಡು ಟಿ.ವಿ. ಕಡೆ ನೋಡಿದರು. ಮಲಗುವ ಮುಂಚೆ ಕಂಡಿದ್ದ ಅದೇ ಅರಮನೆಯ ಅಂಗಳ, ಅದೇ ಕೋಟು ತೊಟ್ಟ ಮನುಷ್ಯ, ಬಾಳೆಹಣ್ಣಿನ ಹಾಲು ಕುಡಿಯುತ್ತ ಕೂತ ಅದೇ ಹುಡುಗಿ. "ಯಾಕ, ಮತ್ತ ಮೊದಲಿಂದ ಹಚ್ಚೀರೇನು?" ಎಂದರು. ಯಾರೂ ಹಚ್ಚಿರಲಿಲ್ಲ. ದಕ್ಷಿಣ ಕೊರಿಯಾದ ಹಾಂಗ್ ಸಾಂಗ್-ಸೂ ಅವರ 'ರೈಟ್ ನೌ, ರಾಂಗ್ ದೆನ್' ಇರುವುದೇ ಹಾಗೆ.

ಸಿನಿಮಾ ನಿರ್ದೇಶಕನೊಬ್ಬ ತನ್ನ ಚಿತ್ರದ ಬಗ್ಗೆ ಮಾತಾಡಲೆಂದು ಸುವಾನ್ ಎಂಬ ಊರಿಗೆ ಬರುತ್ತಾನೆ, ತಪ್ಪಿ ಒಂದು ದಿನ ಮೊದಲೇ ಬಂದುಬಿಡುತ್ತಾನೆ. ಹೊತ್ತು ಹೋಗಲೆಂದು ಹಳೆಯ ಅರಮನೆಗೆ ಹೋದರೆ ಅಲ್ಲಿ ಚಿತ್ರ ಬಿಡಿಸುವ ಹುಡುಗಿಯೊಬ್ಬಳ ಪರಿಚಯ. ಆಮೇಲೆ ಅವಳ ಸ್ಟುಡಿಯೊ, ಮೀನಿನ ಹೋಟೆಲಿನಲ್ಲಿ ಸೋಜು ಎಂಬ ಮದ್ಯ, ಅವಳ ಗೆಳತಿಯ ಕಡೆಯವರ ಕೂಟ, ಅಲ್ಲೊಂದು ಮುಜುಗರ, ಅಗಲಿಕೆ. ಒಂದು ತಾಸು ದಾಟುವ ಹೊತ್ತಿಗೆ ಶೀರ್ಷಿಕೆ ಪದಗಳು ಅದಲುಬದಲಾಗಿ ಪರದೆಯ ಮೇಲೆ ಮತ್ತೊಮ್ಮೆ ಬರುತ್ತದೆ, ಅದೇ ದಿನ ಮತ್ತೊಮ್ಮೆ ಬೆಳಗಾಗುತ್ತದೆ. ಜನ ಅವರೇ, ಜಾಗ ಅವೇ, ಮಾತುಗಳಲ್ಲಿ ಮಾತ್ರ ಅಷ್ಟಿಷ್ಟು ವ್ಯತ್ಯಾಸ. ಕ್ಯಾಮೆರಾ ಒಂದು ಕಡೆ ಕೂತರೆ ಏಳುವುದಿಲ್ಲ. ಒಮ್ಮೊಮ್ಮೆ ಕುತ್ತಿಗೆ ಚಾಚಿದಂತೆ ಹತ್ತಿರ ಹೋಗುತ್ತದೆ, ಅಷ್ಟೇ.

2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದ ಮುಖ್ಯ ಸ್ಪರ್ಧೆಯ ಬಂಗಾರದ ಚಿರತೆ ಇದಕ್ಕೆ ಸಿಕ್ಕಿತು. ಅದೇ ವರ್ಷ, ಅದೇ ಉತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಇನ್ನೊಂದು ಬಂಗಾರದ ಚಿರತೆ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿಗೆ ಬಂತು, ಅಲ್ಲಿ ತೆಗೆದ ರಾಮ್ ರೆಡ್ಡಿಯವರ 'ತಿಥಿ'ಗೆ. ಇದನ್ನು ಹೇಳಿ ಸಿನಿಮಾ ತಂದವನು ರಾಣೆಬೆನ್ನೂರಿನ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಗೆಳೆಯ. ಹಾವೇರಿಯ ನಮ್ಮ ಮನೆಯಲ್ಲಿ ಅವತ್ತು ನೋಡಲು ಕೂತವರು ನಾಲ್ಕು ಜನ: ಅವನು, ನಾನು, ಫೋನಿನಲ್ಲಿ ಕೊರಿಯಾದ ಧಾರಾವಾಹಿ ನೋಡಿ ನೋಡಿ ನಾಲ್ಕಾರು ಕೊರಿಯನ್ ಮಾತು ಕಲಿತಿರುವ ನನ್ನ ಮಗಳು, ಮತ್ತು ಮಾವ. ಮಾವ ಅಂದು ಸಂಜೆ ತಮ್ಮ ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿಯ ದಲಾಲಿ ಅಂಗಡಿ ಮುಂದೆ ಇಳಿಸಿ, ಮರುದಿನ ಸೋಮವಾರದ ಟೆಂಡರಿಗೆ ಹೋಗಲೆಂದು ನಮ್ಮಲ್ಲಿ ಉಳಿದಿದ್ದರು.

ಮುಗಿದ ಮೇಲೆ ಮಾವ ಅಂದರು: "ಈಗ ಏನರ ಆಗತೈತಿ, ಆಗ ಏನರ ಆಗತೈತಿ ಅಂತ ಕುಂತೆ. ಏನೂ ಆಗ್ಲಿಲ್ಲ. ಅವಾರ್ಡ್ ಪಿಕ್ಚರ್!" ಗೆಳೆಯ ನಕ್ಕ. ಆ ನಗೆ ನನಗೆ ಹಿಡಿಸಲಿಲ್ಲ. "ಇದು ಎಲ್ಲರಿಗೂ ದಕ್ಕೂದಲ್ಲ ಮಾಮಾ" ಎಂದ. ನಿನಗೆ ದಕ್ಕಿದ್ದೇನು ಎಂದು ಕೇಳಿದೆ. "ಆ ಮೌನ..." ಎಂದು ಕೈಯನ್ನು ಗಾಳಿಯಲ್ಲಿ ತಿರುವಿದ. ಮಗಳು ಮಾತ್ರ ಒಂದು ಕಂಡದ್ದನ್ನು ಹೇಳಿದಳು: "ಮೊದಲನೇ ಸಲ ಆಕಿ ಪೇಂಟಿಂಗ್ ನೋಡಿ ಹೊಗಳ್ತಾನ. ಎರಡನೇ ಸಲ ಇದ್ದದ್ದ ಹೇಳ್ತಾನ, ಆಕಿಗೆ ಸಿಟ್ಟು ಬರ್ತೈತಿ. ಆದರ ಎರಡನೇ ಸಲಾನ ಆಕಿಗೆ ಅವನ ಮ್ಯಾಲೆ ನಂಬಿಕೆ ಜಾಸ್ತಿ."

ಇಂಥ ಚಿತ್ರಗಳ ಬಗ್ಗೆ ನಡೆಯುವ ಜಗಳವನ್ನು ನಾವು ರುಚಿಯ ಜಗಳ ಎಂದು ಕೈತೊಳೆದುಕೊಳ್ಳುತ್ತೇವೆ. ಲೋಕೋ ಭಿನ್ನರುಚಿಃ ಎಂದುಬಿಟ್ಟರೆ ಊಟಕ್ಕೆ ಏಳಬಹುದು. ಆದರೆ ಮಾವ, ಗೆಳೆಯ ಇಬ್ಬರೂ ರುಚಿಯ ಮಾತು ಆಡಲೇ ಇಲ್ಲ. ಮಾವ ಆಡಿದ್ದು ತಮ್ಮ ಎರಡು ತಾಸಿನ ಮಾತು. ಗೆಳೆಯ ಆಡಿದ್ದು ತನ್ನ ಯೋಗ್ಯತೆಯ ಮಾತು. ಸಿನಿಮಾ ನಡುವೆ ಅನಾಥವಾಗಿ ಬಿದ್ದಿತ್ತು.

ಮಾವನ ಮಾತನ್ನೇ ಮೊದಲು ಹಿಡಿಯೋಣ, ಅದರಲ್ಲಿ ಲೆಕ್ಕವಿದೆ. ನಮ್ಮ ಕಡೆ ಕಿರಾಣಿ ಅಂಗಡಿಗಳಲ್ಲಿ ಈಗಲೂ ಬೋರ್ಡು ತೂಗುತ್ತದೆ: ಇಂದು ನಗದು, ನಾಳೆ ಉದ್ರಿ. ವೇಗದ ಸಿನಿಮಾ ನಗದಿನ ವ್ಯಾಪಾರ. ಐದು ನಿಮಿಷ ಕೊಟ್ಟರೆ ಒಂದು ಹೊಡೆದಾಟ, ಹತ್ತು ನಿಮಿಷ ಕೊಟ್ಟರೆ ಒಂದು ಹಾಡು. ಯಾರ ಬಾಕಿಯೂ ಯಾರ ಮೇಲೂ ಉಳಿಯುವುದಿಲ್ಲ. ನಿಧಾನದ ಸಿನಿಮಾ ಉದ್ರಿ ಕೇಳುತ್ತದೆ. ಈಗ ಏನೂ ಕೊಡುವುದಿಲ್ಲ, ನಿನ್ನ ಹೊತ್ತು ಇಲ್ಲಿಡು, ಆಮೇಲೆ ನೋಡೋಣ ಎನ್ನುತ್ತದೆ. ಆದ್ದರಿಂದ ಅದು ಹಿಡಿಸುವುದು ಬಿಡುವುದು ನಮ್ಮ ರಸಿಕತೆಗಿಂತ ಮೊದಲು ನಮ್ಮ ನಂಬಿಕೆಯನ್ನು ಅವಲಂಬಿಸಿದೆ. ಹಿಂದೆ ಉದ್ರಿ ಕೊಟ್ಟು ವಸೂಲಾದವನು ಮತ್ತೆ ಕೊಡುತ್ತಾನೆ, ಮುಳುಗಿದವನು ಬೋರ್ಡು ತೂಗುಹಾಕುತ್ತಾನೆ. ಬೋರ್ಡು ಹಾಕಿದವನನ್ನು ದಡ್ಡ ಎನ್ನುವುದು ಯಾವ ನ್ಯಾಯ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದಾರಿಯಿಂದ ಸರಿಸಬೇಕು: ಹಳ್ಳಿಯ ಜನಕ್ಕೆ ನಿಧಾನ ಸೇರುವುದಿಲ್ಲ ಎನ್ನುವುದು. ಹಾಗಂದವರು ದೊಡ್ಡಾಟ ನೋಡಿಲ್ಲ. ಒಬ್ಬ ರಾಜ ಸಭೆಗೆ ಬಂದು ತಾನು ಯಾರೆಂದು ಹೇಳಿ ಮುಗಿಸುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆಂದು ಕಂಬಳಿ ಹಾಸಿಕೊಂಡು ಕೂತವರನ್ನೇ ಕೇಳಬೇಕು. ಇನ್ನು ಸಂಗೀತ. ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿ (1913–2009) ವಿಲಂಬಿತ ಖಯಾಲಿಗೆ ಕೂತರೆ ಅವಸರವೆಂಬುದೇ ಅವರಿಗೆ ಗೊತ್ತಿಲ್ಲ ಅನ್ನಿಸುತ್ತಿತ್ತು. ಅತಿ ವಿಲಂಬಿತದಲ್ಲಿ ಏಕತಾಲದ ಹನ್ನೆರಡು ಮಾತ್ರೆಗಳ ಒಂದೇ ಸುತ್ತು ಮುಕ್ಕಾಲು ನಿಮಿಷ ಹಿಡಿಯುವುದುಂಟು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಹೆಸರಿನಲ್ಲಿ ನಡೆದ ರಾತ್ರಿಗಳಿಗೆ ಸುತ್ತಲಿನ ಹಳ್ಳಿಗಳ ಒಕ್ಕಲಿಗರೂ ಬಂದು ಕೂರುತ್ತಿದ್ದರು. ಅವರಿಗೆಲ್ಲ ರಾಗದ ಶಾಸ್ತ್ರ ಗೊತ್ತಿತ್ತೆಂದು ನಾನು ಹೇಳಲಾರೆ. ಆದರೆ ಒಂದು ಗೊತ್ತಿತ್ತು: ಸಮ್ ಬರುತ್ತದೆ. ಗಾಯಕಿ ಎತ್ತ ಅಲೆದರೂ ಸುತ್ತು ಮುಗಿಯುವ ಹೊತ್ತಿಗೆ ತಬಲಾದವನ ಆ ಒಂದು ಪೆಟ್ಟಿಗೆ ಬಂದು ಸೇರುತ್ತಾಳೆ, ಆಗ ತಲೆಯಾಡಿಸಬಹುದು. ಅದು ತಾರೀಖು ಗೊತ್ತಿರುವ ಉದ್ರಿ. ದೊಡ್ಡಾಟದಲ್ಲೂ ಅಷ್ಟೇ. ಮಕ್ಕಳು ಮಲಗಿಬಿಡಲಿ, ಯುದ್ಧದ ಕುಣಿತ ಬಂದಾಗ ಎಬ್ಬಿಸಿದರಾಯಿತು. ನಡುವೆ ಎದ್ದು ಚಹಾ ಕುಡಿದು ಬರಬಹುದು, ಭಾಗವತ ಬೇಸರಪಟ್ಟುಕೊಳ್ಳುವುದಿಲ್ಲ.

ಹಾಂಗ್ ಸಾಂಗ್-ಸೂ ಅವರ ಚಿತ್ರದಲ್ಲಿ ಸಮ್ ಎಲ್ಲಿ? ನನಗೆ ತೋಚುವಂತೆ, ಮಾವ ಎಚ್ಚರಾದ ಆ ಕ್ಷಣವೇ ಸಮ್. ಮೊದಲ ತಾಸು ತಾನಾಗಿ ಸಪ್ಪೆಯೇ, ಅದನ್ನು ಒಪ್ಪಿಕೊಳ್ಳಬೇಕು. ಅದೇ ದಿನ ಮತ್ತೆ ಶುರುವಾದಾಗ ಆ ಸಪ್ಪೆ ತಾಸು ಒಮ್ಮೆಲೆ ತಾಳವಾಗಿ ಮಾರ್ಪಡುತ್ತದೆ. ಈಗ ನಮ್ಮ ಕೈಯಲ್ಲೊಂದು ಅಳತೆ ಇದೆ. ಹೋದ ಸಲ ಇಲ್ಲಿ ನಕ್ಕಿದ್ದಳು, ಈ ಸಲ ಇಲ್ಲ. ಹೋದ ಸಲ ಹೊಗಳಿದ್ದ, ಈ ಸಲ ಚುಚ್ಚಿದ. ಮೊದಲು ಘಟನೆ ಎಂದೇ ಅನ್ನಿಸದ ಒಂದು ಮಾತು, ಒಂದು ಲೋಟ ತುಂಬಿದ್ದು ಈಗ ಘಟನೆಯಾಗುತ್ತದೆ. ಏನೂ ಆಗಲಿಲ್ಲ ಎನ್ನುವ ದೂರಿಗೆ ಇದು ಉತ್ತರ, ಪೂರ್ತಿ ಉತ್ತರವಲ್ಲ. ಯಾಕೆಂದರೆ ಸಮ್ ಬರುತ್ತದೆಂದು ನಿರ್ದೇಶಕ ಮೊದಲು ಹೇಳಿರಲಿಲ್ಲ. ತಾರೀಖು ಹೇಳದೆ ಒಂದು ತಾಸು ಸಾಲ ತೆಗೆದುಕೊಂಡ. ಮಾವ ಆ ತಾಸು ನಿದ್ದೆ ಮಾಡಿದರು. ಅವರ ಮಟ್ಟಿಗೆ ಅದು ಬುದ್ಧಿವಂತಿಕೆ. (ತನ್ನ ಚಿತ್ರ ನೋಡುತ್ತ ಜನ ನಿದ್ದೆಹೋದರೆ ತನಗೆ ಬೇಸರವಿಲ್ಲವೆಂದು ಇರಾನಿನ ಕಿಯರೊಸ್ತಮಿ ಹೇಳಿಕೊಂಡದ್ದುಂಟು. ಮಾವನಿಗೆ ಇದನ್ನು ಹೇಳಿಲ್ಲ, ಹೇಳಿದರೆ ನಮ್ಮ ಮನೆಯಲ್ಲಿ ಸಿನಿಮಾ ನಡೆಯುವುದಿಲ್ಲ.)

ಗೆಳೆಯನ ನಗೆಗೆ ಬರುತ್ತೇನೆ. ಅವನ ಬೆನ್ನಿಗೆ ಸಹೃದಯ ಎಂಬ ದೊಡ್ಡ ಪದವಿದೆ. ಕಾವ್ಯವನ್ನು ಮತ್ತೆ ಮತ್ತೆ ಓದಿ ಮನಸ್ಸಿನ ಕನ್ನಡಿ ತಿಳಿಯಾದವನು ಸಹೃದಯ ಎಂದು ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಹೇಳಿದ. ನಮ್ಮ ವಿಮರ್ಶಕರು ಈ ಒಂದು ಮಾತನ್ನು ಬಡಿಗೆ ಮಾಡಿಕೊಂಡು ಪ್ರೇಕ್ಷಕನ ತಲೆಗೆ ಬಡಿಯುತ್ತಾರೆ. ಅದೇ ಅಭಿನವಗುಪ್ತ ರಸಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಲೆಕ್ಕ ಹಾಕಿದ್ದಾನೆ, ಅದನ್ನು ಯಾಕೋ ಯಾರೂ ಎತ್ತುವುದಿಲ್ಲ. ಆ ಏಳರಲ್ಲಿ ಕೆಲವು ನಾಟಕದ ತಪ್ಪು, ಕೆಲವು ನೋಡುವವನ ಪಾಡು. ಒಂದು ವಿಘ್ನ ಇದು: ತನ್ನದೇ ಸುಖದುಃಖದ ವಶವಾಗಿರುವುದು. ಸಾಲದ ಚಿಂತೆ ಹೊತ್ತು ಬಂದವನಿಗೆ ರಂಗದ ಮೇಲಿನ ದುಷ್ಯಂತ ಕಾಣುವುದಿಲ್ಲ. ಅಭಿನವಗುಪ್ತ ಅವನನ್ನು ಅರಸಿಕ ಎಂದು ಹೊರಗೆ ದಬ್ಬುವುದಿಲ್ಲ. ಅದಕ್ಕೆಂದೇ ಹಾಡು, ವಾದ್ಯ, ಅಲಂಕಾರ ಮಾಡಿದ ರಂಗಮಂಟಪ ಇರುವುದು ಎನ್ನುತ್ತಾನೆ. ಬಂದವನ ತಲೆಯ ಭಾರ ಇಳಿಸುವುದು ಆಟದವರ ಕೆಲಸ.

ಹಾಡು ತೆಗೆದು, ವಾದ್ಯ ತೆಗೆದು, ಅಲಂಕಾರವನ್ನೆಲ್ಲ ತೆಗೆದು ಬರೀ ಒಂದು ಮೇಜು, ಎರಡು ಕುರ್ಚಿ ಇಟ್ಟ ಸಿನಿಮಾ ಈ ಕೆಲಸವನ್ನು ಪ್ರೇಕ್ಷಕನ ಮೇಲೆಯೇ ಹಾಕುತ್ತದೆ. ಭಾರ ಇಳಿಸಿಯೇ ಬಾ ಎನ್ನುತ್ತದೆ. ಅವತ್ತು ಮಾವನ ತಲೆಯಲ್ಲಿದ್ದದ್ದು ಏನೆಂದು ನನಗೆ ಗೊತ್ತಿತ್ತು: ಮರುದಿನದ ದರ. ಬ್ಯಾಡಗಿ ಪೇಟೆಯಲ್ಲಿ ರಾಶಿ ಪಕ್ಕ ಕೂತು ಟೆಂಡರಿನ ದರಕ್ಕಾಗಿ ಕಾಯುವುದು ಹೊರಗಿನಿಂದ ನೋಡಿದರೆ ಯಾವ ಕೊರಿಯನ್ ಚಿತ್ರಕ್ಕೂ ಕಡಿಮೆಯಿಲ್ಲದ ದೃಶ್ಯ: ಕಣ್ಣು ಹರಿಯುವಷ್ಟು ದೂರ ಕೆಂಪು, ನೆರಳಿಗೆ ಟವೆಲ್ ತಲೆಯ ಮೇಲೆ, ಮಾತಿಲ್ಲ, ಆಗೀಗ ಒಂದು ಕೆಮ್ಮು. ಒಳಗಿನಿಂದ ಅದು ಧ್ಯಾನವಲ್ಲ. 2024ರ ಮಾರ್ಚ್‌ನಲ್ಲಿ ದರ ಒಮ್ಮೆಲೆ ಬಿದ್ದಾಗ ಹೀಗೆ ಕಾದವರ ತಾಳ್ಮೆ ಕಿತ್ತುಹೋಗಿ ಪೇಟೆಯ ಅಂಗಳದಲ್ಲಿ ವಾಹನಗಳಿಗೆ ಬೆಂಕಿ ಬಿದ್ದಿತ್ತು. ದಿನವಿಡೀ ಕಾಯುವುದೇ ಬಾಳಾದವನಿಗೆ ರಾತ್ರಿ ಕಾಯುವುದನ್ನು ಕಲೆಯೆಂದು ಬಡಿಸಿದರೆ ಅವನು ತಟ್ಟೆ ಸರಿಸುತ್ತಾನೆ.

ಹಾಗಾದರೆ ನಿಧಾನವೆಂಬುದು ಹೊಟ್ಟೆ ತುಂಬಿದವರ ಚಟವೇ? ಇಷ್ಟು ಬರೆದ ಮೇಲೆ ಹೌದು ಎಂದುಬಿಡಬೇಕು ಅನ್ನಿಸುತ್ತದೆ, ಆದರೆ 'ತಬರನ ಕಥೆ' ಅಡ್ಡ ಬರುತ್ತದೆ. ತೇಜಸ್ವಿಯವರ ಕಥೆಯನ್ನು ಗಿರೀಶ ಕಾಸರವಳ್ಳಿ ಚಿತ್ರ ಮಾಡಿದ್ದು. ಪಿಂಚಣಿಗಾಗಿ ತಬರ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲಿನ ಹುಣ್ಣು ಬೆಳೆಯುತ್ತದೆ. ಆ ಚಿತ್ರವನ್ನು ಚುರುಕಾಗಿ ಕತ್ತರಿಸಿ ನಲವತ್ತು ನಿಮಿಷಕ್ಕೆ ಇಳಿಸಿದರೆ ಕಥೆ ಪೂರ್ತಿ ಉಳಿಯುತ್ತದೆ, ತಬರ ಉಳಿಯುವುದಿಲ್ಲ. ನಾಳೆ ಬಾ ಎನ್ನುವುದರ ತೂಕ ಗೊತ್ತಾಗಬೇಕಾದರೆ ನಾಳೆ ಬರಬೇಕು, ನಾಡಿದ್ದೂ ಬರಬೇಕು. ಈ ಚಿತ್ರವನ್ನು ಮಾವ ದೂರದರ್ಶನದಲ್ಲಿ ಕೂತ ಜಾಗ ಬಿಡದೆ ನೋಡಿದ್ದರು, ನಿದ್ದೆ ಬರಲಿಲ್ಲ. ಅವರ ಬೇಸರ ನಿಧಾನದ ಮೇಲಲ್ಲ ಎನ್ನುವುದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ತಬರನ ಹೊತ್ತು ಅವರದೇ ಹೊತ್ತು. ಸುವಾನಿನಲ್ಲಿ ಕೆಲಸವಿಲ್ಲದ ನಿರ್ದೇಶಕನ ಒಂದು ದಿನ ಅವರದಲ್ಲ.

ಇಲ್ಲಿ ಗೆಳೆಯ ಒಂದು ಒಳ್ಳೆಯ ಪ್ರಶ್ನೆ ಕೇಳಿದ, ಅದಕ್ಕಾಗಿ ಅವನ ನಗೆಯನ್ನು ಮನ್ನಿಸುತ್ತೇನೆ. ನಮ್ಮದಲ್ಲದ ಹೊತ್ತಿಗೆ ಉದ್ರಿ ಕೊಡದಿದ್ದರೆ ಸಿನಿಮಾ ಯಾಕೆ ಬೇಕು, ಕನ್ನಡಿ ಸಾಲದೇ? ಸರಿಯಾದ ಮಾತು. ಆದರೆ ಕೊಟ್ಟ ಮೇಲೆ ಇದು ನಿಧಾನವೋ ಬರೀ ಖಾಲಿಯೋ ಎಂದು ತೂಗಿ ನೋಡುವ ಹಕ್ಕೂ ಇರಬೇಕಲ್ಲ. ಚಿತ್ರೋತ್ಸವಗಳಿಗೆಂದೇ ತಯಾರಾಗುವ ನಿಧಾನವೂ ಇದೆ: ಮಂಜು ಮುಸುಕಿದ ಬೆಟ್ಟ, ಕಿಟಕಿಯಲ್ಲಿ ಹೆಂಗಸು, ಐದು ನಿಮಿಷ. ಅದನ್ನು ಮುಟ್ಟಿದರೆ ಸಹೃದಯತೆಗೆ ಧಕ್ಕೆ.

ತೂಗುವುದು ಹೇಗೆ? ನನಗೆ ಗೊತ್ತಿರುವ ಒಳ್ಳೆಯ ವಿಮರ್ಶಕರು ಬ್ಯಾಡಗಿಯಲ್ಲಿದ್ದಾರೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರೇ ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಭೌಗೋಳಿಕ ಗುರುತು ಪಡೆದದ್ದೂ ಆ ಗುಣಕ್ಕಾಗಿ. ಹೊಸಬ ತಿಂದು ನೋಡಿ ಇದರಲ್ಲಿ ಖಾರವೇ ಇಲ್ಲವಲ್ಲ ಎನ್ನುತ್ತಾನೆ. ಖರೀದಿದಾರ ತಿನ್ನುವುದಿಲ್ಲ. ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾನೆ, ಕಿವಿ ಹತ್ತಿರ ಅಲುಗಿಸುತ್ತಾನೆ. ಒಣಗಿದ್ದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಸುಕ್ಕು ನೋಡುತ್ತಾನೆ, ಡಬ್ಬಿ ತಳಿಯೋ ಕಡ್ಡಿ ತಳಿಯೋ ಹೇಳುತ್ತಾನೆ, ಮುರಿದು ಬೆರಳಿಗೆ ಹತ್ತಿದ ಬಣ್ಣ ನೋಡುತ್ತಾನೆ. ಅವನ ಮಾತನ್ನು ರಾಶಿಯವನು ಒಪ್ಪದಿರಬಹುದು, ಜಗಳವೂ ಆಗಬಹುದು. ಆದರೆ ಇಬ್ಬರ ಕಣ್ಣೂ ಅದೇ ಕಾಯಿಯ ಮೇಲಿರುತ್ತದೆ. ದರ ಕಡಿಮೆ ಯಾಕೆಂದು ಕೇಳಿದರೆ 'ಇದು ಎಲ್ಲರಿಗೂ ದಕ್ಕುವುದಲ್ಲ' ಎಂದು ಯಾರೂ ಕೈ ತಿರುವುವುದಿಲ್ಲ.

ನಮ್ಮ ಮನೆಯಲ್ಲಿ ಅವತ್ತು ಹಾಗೆ ರಾಶಿಗೆ ಕೈ ಹಾಕಿದವಳು ಮಗಳೊಬ್ಬಳೇ. ಅದಕ್ಕೆ ಕಾರಣ ಗೆಳೆಯ ಹೀಗಳೆಯುವ ಆ ಧಾರಾವಾಹಿಗಳೇ ಎಂದು ನನ್ನ ಗುಮಾನಿ. ಹದಿನಾರು ಕಂತು ಯಾರು ಯಾರಿಗೆ ಯಾವಾಗ ಸುಳ್ಳು ಹೇಳಿದರೆಂದು ನೆನಪಿಟ್ಟುಕೊಂಡವಳಿಗೆ ಎರಡು ತಾಸಿನಲ್ಲಿ ಒಂದು ಸುಳ್ಳು ಹಿಡಿಯುವುದು ಕಷ್ಟವೇ?

ನಾನು ಯಾವ ಕಡೆಯವನು? ಅಂದು ಗೆಳೆಯನ ಮೇಲೆ ರೇಗಿದೆ, ನಿಜ. ಆದರೆ ಅದಕ್ಕೂ ಮುಂಚೆ ಅವನೇ ಕೊಟ್ಟಿದ್ದ ಹಂಗರಿಯ ಬೇಲಾ ತಾರ್ ಅವರ 'ಸಟಾನ್‌ಟ್ಯಾಂಗೋ' (1994) ನೋಡಲು ಕೂತಿದ್ದೆ, ಏಳು ತಾಸಿಗೂ ಮಿಕ್ಕಿದ್ದು. ಶುರುವಿಗೇ ಕೆಸರಿನ ಊರೊಂದರಲ್ಲಿ ದನಗಳ ಹಿಂಡು ಹೊರಬಂದು ಸುಮ್ಮನೆ ಅಲೆಯುತ್ತದೆ, ಅದೇ ನಿಮಿಷಗಟ್ಟಲೆ. ದನಗಳನ್ನು ನಾನು ಇಷ್ಟಪಟ್ಟೆ. ಆಮೇಲೆ ಬಂದ ಮಳೆಯನ್ನೂ ಇಷ್ಟಪಟ್ಟೆ. ಮೂರು ತಾಸಿನ ಹತ್ತಿರ ನಲ್ಲಿಗೆ ನೀರು ಬಂತೆಂದು ಎದ್ದವನು ತಿರುಗಿ ಕೂರಲಿಲ್ಲ. ಗೆಳೆಯ ಕೇಳಿದಾಗ ಅದ್ಭುತ ಎಂದೆ, ಕೈಯನ್ನು ಗಾಳಿಯಲ್ಲಿ ತಿರುವಿದೆನೋ ಏನೋ ನೆನಪಿಲ್ಲ. ಪೆನ್‌ಡ್ರೈವ್ ಮೇಜಿನ ಡ್ರಾವರಿನಲ್ಲಿದೆ. ಇನ್ನೂ ನಾಲ್ಕು ತಾಸು ಬಾಕಿ.